ಗಾಯ ಒಂದು, ಕಾಯಿಲೆ ಹಲವು: ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಗೋಜಲು

ಸಿದ್ದಾಪುರ: ಹವಾಲ್ದಾರ್ ಹುದ್ದೆಯಿಂದ ನಿವೃತ್ತರಾಗಿ ಊರಿಗೆ ಮರಳಿದ ಸೈನಿಕರೊಬ್ಬರನ್ನು ಊಹಿಸಿಕೊಳ್ಳಿ. ಸೇವೆಯಲ್ಲಿದ್ದಾಗ ಹಿಮಪ್ರದೇಶದಲ್ಲಿ ಜಾರಿ ಬಿದ್ದು ಅವರ ಎಡ ಮೊಣಕಾಲಿಗೆ ಪೆಟ್ಟಾಗಿತ್ತು. ಬಿಡುಗಡೆಯ ಸಮಯದಲ್ಲಿ ವೈದ್ಯಕೀಯ ಮಂಡಳಿ ಅದನ್ನು ಅಂಗವೈಕಲ್ಯವೆಂದು ದಾಖಲಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ದೇಹದ ಭಾರವನ್ನೆಲ್ಲ ಹೊತ್ತ ಬಲ ಮೊಣಕಾಲೂ ಸವೆಯಿತು. ಸೊಂಟ ಹಿಡಿದುಕೊಂಡಿತು. ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ತೊಂದರೆ ತಂದವು. ಈಗ ಕಾಫಿ ತೋಟದ ಇಳಿಜಾರಿನಲ್ಲಿ ಅವರಿಗೆ ಇಳಿಯಲೂ ಆಗದು, ಹತ್ತಲೂ ಆಗದು. ಆದರೆ ಸರ್ಕಾರದ ಕಡತದಲ್ಲಿರುವುದು ಎಡ ಮೊಣಕಾಲು ಮಾತ್ರ.

ಇದು ಯಾರೊಬ್ಬರ ಕಥೆಯೂ ಅಲ್ಲ. ಆದರೆ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಈ ಜಿಲ್ಲೆಯಲ್ಲಿ, ಕಾವೇರಿ ದಡದ ಸಿದ್ದಾಪುರದಂತಹ ಊರುಗಳಲ್ಲಿ, ಇಂತಹ ಪ್ರಶ್ನೆ ಎದುರಾಗುವುದು ಅಪರೂಪವೇನಲ್ಲ. ಮೂಲ ಗಾಯದಿಂದ ಕವಲೊಡೆದ ಕಾಯಿಲೆಗೂ ಪಿಂಚಣಿ ಸಿಗುವುದೇ?

ಚಿಕಿತ್ಸೆಯ ಮಟ್ಟಿಗೆ ಈ ಪ್ರಶ್ನೆ ಏಳುವುದಿಲ್ಲ. 2003ರ ಏಪ್ರಿಲ್‌ನಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ (ಇಸಿಎಚ್ಎಸ್) ಕಾಯಿಲೆ ಸೇವೆಯಿಂದ ಬಂದದ್ದೋ ಅಲ್ಲವೋ ಎಂದು ನೋಡದೆ ಸದಸ್ಯರಿಗೆ ಚಿಕಿತ್ಸೆ ನೀಡುತ್ತದೆ. ತೊಡಕಿರುವುದು ಪಿಂಚಣಿಯಲ್ಲಿ.

ಭೂಸೇನೆಯ 1961ರ ಪಿಂಚಣಿ ನಿಯಮಾವಳಿಯ 173ನೇ ನಿಯಮ ಎರಡು ಷರತ್ತುಗಳನ್ನು ವಿಧಿಸಿತ್ತು. ಅಂಗವೈಕಲ್ಯವು ಸೈನಿಕ ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಜೊತೆಗೆ ಅದರ ಪ್ರಮಾಣ ಶೇ.20ಕ್ಕಿಂತ ಕಡಿಮೆ ಇರಕೂಡದು. ಮುಂದಿನ ನಿಯಮಗಳಲ್ಲೂ ಈ ತಿರುಳು ಉಳಿದುಕೊಂಡಿದೆ. ‘ಎಷ್ಟು ಕಾಯಿಲೆ’ ಎಂಬುದು ಒಂದು ಪ್ರಶ್ನೆ, ‘ಯಾವುದರಿಂದ ಕಾಯಿಲೆ’ ಎಂಬುದು ಇನ್ನೊಂದು. ಬಹುತೇಕ ಅರ್ಜಿಗಳು ಬಿದ್ದುಹೋಗುವುದು ಎರಡನೆಯದರಲ್ಲಿ. ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂದು ಮಂಡಳಿ ಒಂದು ಸಾಲು ಬರೆದರೆ ಸಾಕು, ಶೇಕಡಾವಾರು ಎಷ್ಟಿದ್ದರೂ ಪ್ರಯೋಜನವಿಲ್ಲ.

ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಲ್ಲಿ ಈ ಸಾಲು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇವು ಜೀವನಶೈಲಿಯ ಅಥವಾ ಮೈಗುಣದ ಕಾಯಿಲೆಗಳೆಂಬ ನಿಲುವು ವೈದ್ಯಕೀಯ ಮಂಡಳಿಗಳದ್ದು. ಕಾಯಿಲೆ ಶುರುವಾದಾಗ ಸೈನಿಕ ಗಡಿಯಲ್ಲಿದ್ದನೋ, ಎತ್ತರದ ಪ್ರದೇಶದಲ್ಲಿದ್ದನೋ, ಶಾಂತಿ ನೆಲೆಯಲ್ಲಿದ್ದನೋ ಎಂಬುದನ್ನು ನೋಡಲಾಗುತ್ತದೆ. ಹೃದಯಾಘಾತವಾದರೆ ಅದಕ್ಕೆ ಮುಂಚಿನ 14 ದಿನಗಳ ಕರ್ತವ್ಯದ ವಿವರ ಕೇಳುವ ಪದ್ಧತಿಯಿತ್ತು. ಇಪ್ಪತ್ತು ವರ್ಷಗಳ ಸೇವೆಯ ಒತ್ತಡವನ್ನು ಎರಡು ವಾರಗಳಲ್ಲಿ ಅಳೆಯುವುದು ವಿಚಿತ್ರವೇ ಸರಿ.

ಈ ಧೋರಣೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2013ರ ಜುಲೈನಲ್ಲಿ. ಸಿಗ್ನಲ್ಸ್ ಕೋರ್‌ನ ಸಿಪಾಯಿ ಧರ್ಮವೀರ್ ಸಿಂಗ್ ಅವರನ್ನು ಸುಮಾರು ಒಂಬತ್ತು ವರ್ಷಗಳ ಸೇವೆಯ ನಂತರ ಅಪಸ್ಮಾರದ ಕಾರಣಕ್ಕೆ ಮನೆಗೆ ಕಳುಹಿಸಲಾಗಿತ್ತು. ಸೇನೆಗೆ ಸೇರುವಾಗ ಮಾಡಿದ ತಪಾಸಣೆಯಲ್ಲಿ ಆ ಕಾಯಿಲೆಯ ಉಲ್ಲೇಖವೇ ಇರಲಿಲ್ಲ. ಹಾಗಿದ್ದ ಮೇಲೆ ಅದು ಸೇವೆಯಿಂದ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದು, ಮಂಡಳಿ ತನ್ನ ಅಭಿಪ್ರಾಯಕ್ಕೆ ಕಾರಣ ಬರೆಯಲೇಬೇಕು ಎಂದು ನ್ಯಾಯಾಲಯ ಹೇಳಿತು. 2015ರ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಇದೇ ತತ್ವ ಎತ್ತಿಹಿಡಿಯಲ್ಪಟ್ಟಿತು. 2025ರ ಮೇ ತಿಂಗಳಲ್ಲಿ ರಾಜುಮೋನ್ ಪ್ರಕರಣದಲ್ಲಿ, ಕಾರಣವಿಲ್ಲದ ವೈದ್ಯಕೀಯ ಅಭಿಪ್ರಾಯವನ್ನು ಮುಂದಿಟ್ಟು ಪಿಂಚಣಿ ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ ಮತ್ತೊಮ್ಮೆ ಸ್ಪಷ್ಟಪಡಿಸಿತು.

ಆದರೆ ಈ ತೀರ್ಪುಗಳೆಲ್ಲ ಮುಖ್ಯವಾಗಿ ಸೇವೆಯಲ್ಲಿದ್ದಾಗಲೇ ಕಾಣಿಸಿಕೊಂಡ ಕಾಯಿಲೆಗೆ ಸಂಬಂಧಿಸಿದವು. ನಿವೃತ್ತಿಯ ನಂತರ ತಲೆದೋರಿದ ಕಾಯಿಲೆಗೆ ದಾರಿ ಇನ್ನೂ ಕಿರಿದು. ಸೇವೆಯ ಪರಿಸ್ಥಿತಿಯಿಂದ ದೇಹದೊಳಗೆ ಆರಂಭವಾದ ವಿಕಾರವೇ ತಡವಾಗಿ ಪ್ರಕಟವಾಗಿದೆ ಎಂದು ವೈದ್ಯಕೀಯವಾಗಿ ಸಿದ್ಧಪಡಿಸಿದರೆ ಅದನ್ನೂ ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿದೆ. ಅದಕ್ಕೆ ಕಾಲಮಿತಿಯೂ ಉಂಟು. ಅಮೆರಿಕದಲ್ಲಿ, ಸೇವೆಯಿಂದಾದ ಗಾಯದ ಫಲವಾಗಿ ಬಂದ ಕಾಯಿಲೆಯನ್ನೂ ಸೇವೆಗೆ ಸಂಬಂಧಿಸಿದ್ದೆಂದೇ ಪರಿಗಣಿಸಬೇಕೆಂಬ ಪ್ರತ್ಯೇಕ ನಿಯಮವಿದೆ. ನಮ್ಮಲ್ಲಿ ಆ ಕೊಂಡಿಯನ್ನು ಕಾಗದದ ಮೇಲೆ ಜೋಡಿಸಿ ತೋರಿಸಬೇಕಾದವರು ಸೈನಿಕರೇ.

ಮೊದಲ ಗಾಯ ಈಗಾಗಲೇ ಅಂಗೀಕೃತವಾಗಿದ್ದರೆ ಇನ್ನೊಂದು ಬಾಗಿಲಿದೆ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶದಂತೆ ಬಿಡುಗಡೆಯ ವೇಳೆ ನಿಗದಿಯಾದ ಶೇಕಡಾವಾರು ಸಾಮಾನ್ಯವಾಗಿ ಜೀವನಪರ್ಯಂತ ಅಂತಿಮ. ಸೈನಿಕರೇ ಕೋರಿದರೆ ಮಾತ್ರ ಮರುಪರಿಶೀಲನಾ ಮಂಡಳಿ ನೋಡುತ್ತದೆ. ಆ ಮಂಡಳಿ ಹೇಳಿದ್ದು ಮತ್ತೆ ಅಂತಿಮ. ಏರೀತೆಂದು ಹೋದವರಿಗೆ ಇಳಿದು ಬರುವ ಅಪಾಯವೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಅರ್ಜಿ ಹಾಕುವ ಮುನ್ನ ಲೆಕ್ಕವನ್ನೂ ನೋಡಿಕೊಳ್ಳಬೇಕು. ನೂರಕ್ಕೆ ನೂರು ಅಂಗವೈಕಲ್ಯವಿದ್ದರೆ ಕೊನೆಯ ವೇತನದ ಶೇ.30ರಷ್ಟು ಅಂಗವೈಕಲ್ಯ ಭಾಗವಾಗಿ ದೊರೆಯುತ್ತದೆ, ಉಳಿದವರಿಗೆ ಅದೇ ಅನುಪಾತದಲ್ಲಿ. ಶೇ.50ಕ್ಕಿಂತ ಕಡಿಮೆ ಇದ್ದರೆ 50 ಎಂದೂ, 50ರಿಂದ 75ರವರೆಗಿದ್ದರೆ 75 ಎಂದೂ, ಅದಕ್ಕೂ ಮೀರಿದರೆ 100 ಎಂದೂ ಪರಿಗಣಿಸುವ ಸೌಲಭ್ಯ 1996ರಿಂದ ಜಾರಿಗೆ ಬಂತು. ಮೊದಲು ಇದು ಕಾಯಿಲೆಯ ಕಾರಣ ಸೇವೆಯಿಂದ ಹೊರಬಿದ್ದವರಿಗಷ್ಟೇ ಇತ್ತು. 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು ಅದನ್ನು ಅವಧಿ ಮುಗಿಸಿ ನಿವೃತ್ತರಾದವರಿಗೂ ವಿಸ್ತರಿಸಿತು.

ಕೊನೆಯ ವೇತನ 40,000 ರೂಪಾಯಿ ಎಂದುಕೊಳ್ಳೋಣ. ಶೇ.20 ಇದ್ದವರಿಗೆ 50ರ ಲೆಕ್ಕದಲ್ಲಿ 6,000 ರೂಪಾಯಿ ಬರುತ್ತದೆ. ಹೊಸ ಕಾಯಿಲೆ ಸೇರಿ ಶೇ.40 ಆದರೂ ಅದೇ 6,000, ಬಿಡಿಗಾಸೂ ಹೆಚ್ಚಿಲ್ಲ. ಆದರೆ 45 ಇದ್ದದ್ದು 50 ತಲುಪಿದರೆ 9,000 ಆಗುತ್ತದೆ. ಶೇ.15 ಎಂದು ಬರೆಸಿಕೊಂಡು ಅವಧಿ ಮುಗಿಸಿ ಬಂದವರಿಗೆ ಈಗ ಏನೂ ಇಲ್ಲ. ಇಪ್ಪತ್ತಕ್ಕಿಂತ ಕಡಿಮೆಯವರಿಗೆ ಈ ಪೂರ್ಣಾಂಕ ಸೌಲಭ್ಯ ಸಲ್ಲದೆಂದು 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕವಲೊಡೆದ ಕಾಯಿಲೆಯಿಂದ ನಿಜಕ್ಕೂ ವ್ಯತ್ಯಾಸವಾಗುವುದು ಹೀಗೆ ಗೆರೆಯಂಚಿನಲ್ಲಿ ನಿಂತವರಿಗೇ. ಹಲವು ಅಂಗವೈಕಲ್ಯಗಳಿದ್ದಾಗ ಮಂಡಳಿ ಅವನ್ನು ಸುಮ್ಮನೆ ಕೂಡಿಸುವುದಿಲ್ಲ, ಒಟ್ಟಾರೆ ಪರಿಣಾಮ ನೋಡಿ ಒಂದು ಪ್ರಮಾಣ ನಿಗದಿಪಡಿಸುತ್ತದೆ ಎಂಬುದೂ ಗಮನಾರ್ಹ.

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಅದಕ್ಕೂ ಮುನ್ನ ನಿವೃತ್ತರಾದವರಿಗೆ ಹಿಂದಿನ ನಿಯಮಗಳೇ ಅನ್ವಯಿಸುತ್ತವೆ. ಹಿಂದೆ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಶೇ.30 ಬರೆಯುತ್ತಿದ್ದರು, ಹೊಸ ಕೈಪಿಡಿಯ ಅಳತೆ ಬಿಗಿಯಾಗಿದೆ. ಆದ್ದರಿಂದ ನೆರೆಮನೆಯವರಿಗೆ ಸಿಕ್ಕಿತೆಂಬ ಮಾತ್ರಕ್ಕೆ ತಮಗೂ ಸಿಗುವುದೆಂದು ಭಾವಿಸುವುದು ಸರಿಯಲ್ಲ. ಮೊದಲು ನೋಡಬೇಕಾದದ್ದು ನಿವೃತ್ತಿಯ ದಿನಾಂಕ.

ಸಿದ್ದಾಪುರದವರಿಗೆ ಮೊದಲ ಮೆಟ್ಟಿಲು ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಅರ್ಜಿ ಹೋಗುವುದು ಮಾತ್ರ ರೆಕಾರ್ಡ್ಸ್ ಕಚೇರಿಗೆ. ಮದ್ರಾಸ್ ರೆಜಿಮೆಂಟ್‌ನವರದ್ದು ವೆಲ್ಲಿಂಗ್ಟನ್‌ನಲ್ಲಿದೆ, ಆರ್ಟಿಲರಿಯದ್ದು ನಾಸಿಕ್‌ನಲ್ಲಿ, ಇಎಂಇಯದ್ದು ಸಿಕಂದರಾಬಾದ್‌ನಲ್ಲಿ. ಬಿಡುಗಡೆಯ ಕಾಲದ ವೈದ್ಯಕೀಯ ಮಂಡಳಿಯ ವರದಿಯ ಪ್ರತಿ ಕಳೆದುಹೋಗಿದ್ದರೆ ಅದನ್ನು ಅಲ್ಲಿಂದಲೇ ಪಡೆಯಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿಯೂ ಕೇಳಬಹುದು. ಆ ವರದಿ ಇಲ್ಲದೆ ಮುಂದಿನ ಹೆಜ್ಜೆಯಿಲ್ಲ. ಅದರ ಜೊತೆಗೆ ಹಳೆಯ ಗಾಯಕ್ಕೂ ಹೊಸ ಕಾಯಿಲೆಗೂ ಇರುವ ಸಂಬಂಧವನ್ನು ತಜ್ಞ ವೈದ್ಯರು ಬರವಣಿಗೆಯಲ್ಲಿ ವಿವರಿಸಿರಬೇಕು. ‘ಮೂತ್ರಪಿಂಡದ ತೊಂದರೆ ಇದೆ’ ಎಂಬ ಚೀಟಿ ಸಾಲದು. ಯಾವ ಗಾಯಕ್ಕೆ ಯಾವ ಮಾತ್ರೆ, ಎಷ್ಟು ವರ್ಷ, ಅದರಿಂದ ಏನಾಯಿತು ಎಂಬುದು ಅದರಲ್ಲಿರಬೇಕು. ಇಸಿಎಚ್ಎಸ್ ಪಾಲಿಕ್ಲಿನಿಕ್‌ನ ಚೀಟಿಗಳನ್ನು ವರ್ಷವಾರು ಜೋಡಿಸಿಟ್ಟವರಿಗೆ ಇಲ್ಲಿ ಅನುಕೂಲ. ಕೊಡಗಿನ ಮಳೆಗಾಲದಲ್ಲಿ ಕಾಗದ ಕಾಪಾಡುವುದು ಸುಲಭದ ಮಾತಲ್ಲವಾದ್ದರಿಂದ ನಕಲು ತೆಗೆದಿಡುವುದು ಒಳಿತು.

ಅರ್ಜಿ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ನಂತರ ಎರಡನೆಯದು. ಅಲ್ಲಿಯೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2009ರ ಆಗಸ್ಟ್‌ನಲ್ಲಿ ಆರಂಭವಾದ ಈ ನ್ಯಾಯಮಂಡಳಿಯ ಪ್ರಾದೇಶಿಕ ಪೀಠ ಕರ್ನಾಟಕದಲ್ಲಿಲ್ಲ. ರಾಜ್ಯವು ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಇಬ್ಬರು ಸೇನಾ ದಂಡನಾಯಕರನ್ನು ಕೊಟ್ಟ ಜಿಲ್ಲೆಯವರು ಪಿಂಚಣಿಯ ನ್ಯಾಯಕ್ಕೆ ನೆರೆರಾಜ್ಯದ ದಾರಿ ನೋಡಬೇಕಾಗಿದೆ.

ತಡವಾದರೆ ಹಕ್ಕು ಪೂರ್ತಿ ಹೋಗುವುದಿಲ್ಲ. ಆದರೆ ಹಣ ಹೋಗುತ್ತದೆ. 1983ರಲ್ಲಿ ಸೇವೆಯಿಂದ ಬಿಡುಗಡೆಯಾದ ತರ್ಸೇಮ್ ಸಿಂಗ್ 1999ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದರು. ಅವರಿಗೆ ಪಿಂಚಣಿಯ ಹಕ್ಕು ಉಳಿಯಿತಾದರೂ, ಬಾಕಿಯನ್ನು ಅರ್ಜಿಗೆ ಮುಂಚಿನ ಮೂರು ವರ್ಷಗಳಿಗಷ್ಟೇ ಮಿತಿಗೊಳಿಸಿ 2008ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ಪಿಂಚಣಿ ಇಷ್ಟು ವರ್ಷ ಬಂದಿಲ್ಲ, ಇನ್ನೇಕೆ ಎಂದು ಸುಮ್ಮನಿರುವವರು ಯೋಚಿಸಬೇಕಾದ ಇನ್ನೊಂದು ಸಂಗತಿ ಇದೆ. ಸೈನಿಕನ ಮರಣ ಸೇವೆಗೆ ಸಂಬಂಧಿಸಿದ ಕಾರಣದಿಂದಾಯಿತೆಂದು ನಿಯಮಾನುಸಾರ ಅಂಗೀಕೃತವಾದರೆ ಪತ್ನಿಗೆ ವೇತನದ ಶೇ.60ರ ವಿಶೇಷ ಕುಟುಂಬ ಪಿಂಚಣಿ, ಇಲ್ಲವಾದರೆ ಶೇ.30ರ ಸಾಮಾನ್ಯ ಕುಟುಂಬ ಪಿಂಚಣಿ. ಮೂತ್ರಪಿಂಡಕ್ಕೂ ಮೊಣಕಾಲಿಗೂ ಇರುವ ಸಂಬಂಧ ಗಂಡ ಬದುಕಿರುವಾಗ ದಾಖಲಾಗಿರದಿದ್ದರೆ, ಅದನ್ನು ಸಾಬೀತುಪಡಿಸಲು ವೆಲ್ಲಿಂಗ್ಟನ್‌ಗೂ ಕೊಚ್ಚಿಗೂ ಅಲೆಯಬೇಕಾದವರು ಆಕೆ.