ಸೆಪಾಂಗ್: ಒಂದು ವಿಮಾನ ನಿಲ್ದಾಣ, ಒಂದು ಜ್ವರ

ಮಲೇಷಿಯಾಕ್ಕೆ ಹೋಗಿಬಂದವರು ಕೌಲಾಲಂಪುರದಲ್ಲಿ ಇಳಿದೆವೆಂದು ಹೇಳುವುದು ರೂಢಿ. ವಾಸ್ತವದಲ್ಲಿ ಅವರ ವಿಮಾನ ಇಳಿದದ್ದು ಆ ನಗರದಲ್ಲಿ ಅಲ್ಲ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದಕ್ಷಿಣಕ್ಕಿರುವ ಸೆಲಾಂಗೋರ್ ರಾಜ್ಯದ ಸೆಪಾಂಗ್ ಜಿಲ್ಲೆಯಲ್ಲಿ. ವಿಮಾನವು ಕೆಳಗಿಳಿಯುವಾಗ ಕಿಟಕಿಯ ಮೂಲಕ ಕಾಣುವ, ಅಳತೆ ಹಿಡಿದು ನೆಟ್ಟಂತಿರುವ ಎಣ್ಣೆತಾಳೆಯ ತೋಟಗಳೇ ಆ ಜಿಲ್ಲೆಯ ಮೊದಲ ಪರಿಚಯ. ಅನಂತರ ಪ್ರಯಾಣಿಕನು 57 ಕಿಲೋಮೀಟರುಗಳ ದಾರಿಯನ್ನು 28 ನಿಮಿಷಗಳಲ್ಲಿ ಕ್ರಮಿಸುವ ರೈಲನ್ನೇರಿ ನಗರ ಸೇರುತ್ತಾನೆ. ಇಳಿದ ಊರಿನ ಹೆಸರನ್ನು ವಿಚಾರಿಸುವ ವ್ಯವಧಾನ ಬಹುಮಂದಿಗೆ ಇರುವುದಿಲ್ಲ.

ಸೆಪಾಂಗ್ ವಿಸ್ತಾರದಲ್ಲಿ ಹಿರಿದಾದ ಜಿಲ್ಲೆಯೇನೂ ಅಲ್ಲ. ಸುಮಾರು 600 ಚದರ ಕಿಲೋಮೀಟರ್ ನೆಲ. ನಮ್ಮ ಹೋಬಳಿಗಳನ್ನು ಹೋಲುವ, ‘ಮುಕಿಮ್’ ಎಂದು ಕರೆಯಲ್ಪಡುವ ಮೂರು ವಿಭಾಗಗಳು: ದೆಂಕಿಲ್, ಲಾಬು ಮತ್ತು ಸೆಪಾಂಗ್. ಆಡಳಿತದ ಕೇಂದ್ರ ಸಾಲಾಕ್ ತಿಂಗಿ. ಆದರೆ ಬೆಳವಣಿಗೆಯ ವೇಗದಲ್ಲಿ ಇದಕ್ಕೆ ಸರಿದೊರೆಯಾಗುವ ಜಿಲ್ಲೆಗಳು ಆ ದೇಶದಲ್ಲಿ ವಿರಳ. 2000ದ ಜನಗಣತಿಯಲ್ಲಿ ಒಂದು ಲಕ್ಷದ ಒಳಗೇ ಇದ್ದ ಜನಸಂಖ್ಯೆ 2010ರಲ್ಲಿ ಎರಡು ಲಕ್ಷವನ್ನು ದಾಟಿತು. 2020ರಲ್ಲಿ ಮೂರು ಲಕ್ಷವನ್ನು ಮೀರಿತು. ಇಪ್ಪತ್ತು ವರ್ಷಗಳಲ್ಲಿ ಮೂರು ಪಟ್ಟು! ಮಹಾನಗರದ ಹೊರವಲಯದಲ್ಲಿ ಮನೆ ಮಾಡಿ, ಹೊಲಗಳು ಬಡಾವಣೆಗಳಾಗುವುದನ್ನು ಕಣ್ಣಾರೆ ಕಂಡ ಓದುಗರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನೆಲದ ಹಿಂದಿನ ಖಾತೆಯನ್ನು ತೆರೆದು ನೋಡಿದರೆ ಒಂದರ ಮೇಲೊಂದರಂತೆ ಬೆಳೆಗಳ ಹೆಸರುಗಳು ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನೀ ಸಾಹುಕಾರರು ಇಲ್ಲಿ ಕರಿಮೆಣಸನ್ನೂ ಚರ್ಮ ಹದಮಾಡಲು ಬಳಸುವ ಗ್ಯಾಂಬಿಯರನ್ನೂ ಬೆಳೆಸಿದರು. ಬಳಿಕ ರಬ್ಬರು ಬಂದಿತು. ರಬ್ಬರಿನ ಬೆಲೆ ಕುಸಿದಾಗ ಎಣ್ಣೆತಾಳೆ ಬಂದಿತು. ಈ ತೋಟಗಳಲ್ಲಿ ದುಡಿದವರು ಬಹುಪಾಲು ತಮಿಳುನಾಡಿನಿಂದ ಕಂಗಾಣಿಗಳ ಮೂಲಕ ಹೋದ ಕೂಲಿಗಳು ಮತ್ತು ಅವರ ಸಂತತಿಯವರು. ಇಂದು ಮಲೇಷಿಯಾದ ಆಡಳಿತ ರಾಜಧಾನಿಯೆನಿಸಿರುವ ಪುತ್ರಜಯವು ಒಂದು ಕಾಲಕ್ಕೆ ಇದೇ ಜಿಲ್ಲೆಗೆ ಸೇರಿದ ‘ಪ್ರಾಂಗ್ ಬೆಸಾರ್’ ಎಂಬ ತೋಟವಾಗಿದ್ದಿತು. ಮಲಯ ಭಾಷೆಯಲ್ಲಿ ಆ ಹೆಸರಿಗೆ ‘ಮಹಾಯುದ್ಧ’ವೆಂದು ಅರ್ಥ, ಮೊದಲನೆಯ ಮಹಾಯುದ್ಧದಿಂದ ಮರಳಿದ ಬ್ರಿಟಿಷ್ ಯೋಧರು ಅದನ್ನು ಎಬ್ಬಿಸಿದರು. 2001ರಲ್ಲಿ ಪುತ್ರಜಯವು ಕೇಂದ್ರಾಡಳಿತ ಪ್ರದೇಶವಾಗಿ ಬೇರ್ಪಟ್ಟಿತು. ಅಲ್ಲಿನ ತೋಟಗಳ ಕಾರ್ಮಿಕ ಕುಟುಂಬಗಳನ್ನು ದೆಂಕಿಲಿನ ವಸತಿ ಸಮುಚ್ಚಯವೊಂದಕ್ಕೆ ಸ್ಥಳಾಂತರಿಸಲಾಯಿತು. ಆ ಕಟ್ಟಡಗಳು ಬಿರುಕು ಬಿಟ್ಟವು. ಸ್ವಂತ ನೆಲದ ಮನೆಗಾಗಿ ಅವರು ನಡೆಸಿದ ಹೋರಾಟ ಎರಡು ದಶಕಗಳಿಗೂ ಮಿಕ್ಕಿ ಸಾಗಿತು. ಅಭಿವೃದ್ಧಿಯ ಜಮಾಖರ್ಚಿನಲ್ಲಿ ಇಂಥ ಬಾಬುಗಳು ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲೂ ಬರುವುದಿಲ್ಲ.

1965ರಿಂದ ದೇಶದ ಹೆಬ್ಬಾಗಿಲಾಗಿದ್ದ ಸುಬಾಂಗ್ ವಿಮಾನ ನಿಲ್ದಾಣ ಸಾಲದೆ ಹೋದಾಗ ಸರ್ಕಾರದ ಕಣ್ಣು ಸೆಪಾಂಗಿನ ತೋಟಗಳ ಮೇಲೆ ಬಿದ್ದಿತು. ಹೊಸ ನಿಲ್ದಾಣಕ್ಕೆಂದು ತೆಗೆದಿರಿಸಿದ ನೆಲ ಸುಮಾರು 10,000 ಹೆಕ್ಟೇರು. ಜಪಾನಿನ ವಾಸ್ತುಶಿಲ್ಪಿ ಕಿಶೋ ಕುರೊಕಾವಾ ಅವರು ಕಾಡಿನೊಳಗೆ ನಿಲ್ದಾಣ, ನಿಲ್ದಾಣದೊಳಗೆ ಕಾಡು ಎಂಬ ಕಲ್ಪನೆಯಿಂದ ಅದನ್ನು ರೂಪಿಸಿದರು. 1998ರ ಜೂನ್ ತಿಂಗಳಿನಲ್ಲಿ ಅದು ತೆರೆಯಿತು. ಗಳಿಗೆ ಮಾತ್ರ ಒಳ್ಳೆಯದಾಗಿರಲಿಲ್ಲ. ಏಷ್ಯಾದ ಹಣಕಾಸಿನ ಬಿಕ್ಕಟ್ಟು ಆಗ ಉಚ್ಛ್ರಾಯದಲ್ಲಿದ್ದು ರಿಂಗಿಟ್ ನಾಣ್ಯ ತತ್ತರಿಸುತ್ತಿದ್ದಿತು. ಅದೇ ಸೆಪ್ಟೆಂಬರಿನಲ್ಲಿ ಸರ್ಕಾರವು ಒಂದು ಡಾಲರಿಗೆ 3.80 ರಿಂಗಿಟ್ ಎಂದು ದರವನ್ನು ಕಟ್ಟಿಹಾಕಿತು. ಆ ಕಟ್ಟು ಸಡಿಲವಾದದ್ದು 2005ರಲ್ಲಿ. ಹೊಸ ನಿಲ್ದಾಣದ ಮೊದಲ ದಿನಗಳಲ್ಲಿ ಗಣಕಯಂತ್ರಗಳು ಕೈಕೊಟ್ಟು ಪ್ರಯಾಣಿಕರ ಸಾಮಾನು ಸರಂಜಾಮುಗಳು ದಿಕ್ಕಾಪಾಲಾದುದು ಬೇರೆಯ ಮಾತು.

ಆ ಸೆಪ್ಟೆಂಬರಿನಲ್ಲಿಯೇ, ಸೆಪಾಂಗಿಗೆ ಬಹುದೂರ ಉತ್ತರದಲ್ಲಿ, ಪೆರಾಕ್ ರಾಜ್ಯದ ಇಪೋ ಪಟ್ಟಣದ ಬಳಿ ಹಂದಿ ಸಾಕುವವರಲ್ಲಿ ಒಂದು ವಿಚಿತ್ರ ಜ್ವರ ತಲೆದೋರಿತು. ಜ್ವರ, ತಲೆನೋವು, ತಲೆಸುತ್ತು, ವಾಂತಿ. ಕೆಲವೇ ದಿನಗಳಲ್ಲಿ ಮಂಪರು, ಅನಂತರ ಪ್ರಜ್ಞಾಹೀನತೆ. ಅದಕ್ಕೆ ಮುನ್ನವೇ ಹಂದಿಗಳು ಬಹುದೂರಕ್ಕೆ ಕೇಳಿಸುವಂಥ ಕರ್ಕಶ ಕೆಮ್ಮಿನಿಂದ ನರಳುತ್ತಿದ್ದವು. ವೈದ್ಯರು ಇದನ್ನು ಜಪಾನೀ ಮಿದುಳು ಜ್ವರವೆಂದು ಬಗೆದರು. ಆ ನಿರ್ಣಯ ಅಕಾರಣವಾದುದಲ್ಲ: ಆ ರೋಗ ಅಲ್ಲಿಗೆ ಹೊಸದಲ್ಲ, ಹಂದಿಯ ದೇಹದಲ್ಲಿ ವೃದ್ಧಿಯಾಗಿ ಸೊಳ್ಳೆಯ ಮೂಲಕ ಹರಡುವುದು ಅದರ ಲಕ್ಷಣ, ಕೆಲವು ರೋಗಿಗಳ ರಕ್ತಪರೀಕ್ಷೆಯೂ ಅದನ್ನೇ ಸೂಚಿಸಿತ್ತು. ಸೊಳ್ಳೆಗಳನ್ನು ಕೊಲ್ಲಲು ಹೊಗೆ ಹಾಕಿದರು, ಲಸಿಕೆ ಚುಚ್ಚಿದರು. ತಿಂಗಳುಗಳು ಕಳೆದರೂ ಸಾವು ನಿಲ್ಲಲಿಲ್ಲ.

ಲಕ್ಷ್ಯವಿಟ್ಟು ನೋಡಿದವರಿಗೆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಜಪಾನೀ ಜ್ವರವು ಸಾಮಾನ್ಯವಾಗಿ ಮಕ್ಕಳನ್ನು ಹಿಡಿಯುತ್ತದೆ. ಇಲ್ಲಿ ಮಲಗಿದವರಲ್ಲಿ ಬಹುಮಂದಿ ದುಡಿಯುವ ವಯಸ್ಸಿನ ಗಂಡಸರು. ಲಸಿಕೆ ಪಡೆದವರೂ ಸತ್ತರು. ಎಲ್ಲಕ್ಕಿಂತ ಮಿಗಿಲಾಗಿ, ರೋಗಿಗಳಲ್ಲಿ ಬಹುಮಂದಿ ಚೀನೀಯರು, ಕೆಲವರು ದೊಡ್ಡಿಗಳಲ್ಲಿ ಕೂಲಿ ಮಾಡುವ ಭಾರತೀಯ ಮೂಲದವರು. ಹಂದಿಯನ್ನು ಮುಟ್ಟದ ಮಲಯ ಮುಸಲ್ಮಾನರಲ್ಲಿ ರೋಗ ಕಾಣಲಿಲ್ಲವೆಂದೇ ಹೇಳಬಹುದು. ಸೊಳ್ಳೆ ಮತಭೇದವೆಣಿಸಿ ಕಚ್ಚುವುದುಂಟೆ?

ಇಷ್ಟರಲ್ಲಿ ರೋಗವು ದಕ್ಷಿಣಕ್ಕೆ ಸಾಗಿತ್ತು. ಅದು ಸಾಗಿದ ಬಗೆಯನ್ನು ವ್ಯಾಪಾರ ಬಲ್ಲವರು ಸುಲಭವಾಗಿ ಗ್ರಹಿಸಬಹುದು. ಪೆರಾಕಿನಲ್ಲಿ ಹಂದಿಗಳು ಕೆಮ್ಮತೊಡಗಿದಾಗ ನಷ್ಟಕ್ಕಂಜಿದ ಸಾಕಣೆದಾರರು ಅವುಗಳನ್ನು ಸಿಕ್ಕಿದ ಬೆಲೆಗೆ ಮಾರಿದರು. ಅಗ್ಗವೆಂದು ಕೊಂಡವರು ಲಾರಿಗಳಲ್ಲಿ ತುಂಬಿ ನೆಗೆರಿ ಸೆಂಬಿಲಾನ್ ರಾಜ್ಯಕ್ಕೆ ತಂದರು. ಸೆಪಾಂಗಿನ ದಕ್ಷಿಣ ಗಡಿಗೆ ಹೊಂದಿಕೊಂಡಂತಿರುವ ಬುಕಿತ್ ಪೆಲಾಂಡುಕ್ ಆ ಕಾಲಕ್ಕೆ ಹಂದಿ ಸಾಕಣೆಯ ದೊಡ್ಡ ಕೇಂದ್ರ. ಅಲ್ಲಿಯೂ, ನೆರೆಯ ಸುಂಗೈ ನಿಪಾ ಎಂಬ ಹಳ್ಳಿಯಲ್ಲಿಯೂ ರೋಗವು ಅತ್ಯುಗ್ರವಾಯಿತು. ಗಡಿ ದಾಟಿ ಸೆಪಾಂಗಿನ ದೊಡ್ಡಿಗಳಿಗೂ ಹಬ್ಬಿತು. ಸಿಂಗಪುರದ ಕಸಾಯಿಖಾನೆಯ ಕೆಲಸಗಾರರಲ್ಲಿ 11 ಮಂದಿ ರೋಗಕ್ಕೆ ತುತ್ತಾಗಿ ಒಬ್ಬರು ಸತ್ತರು. ಮಾರುಕಟ್ಟೆಯ ದಾರಿಯೇ ರೋಗದ ದಾರಿಯೂ ಆಯಿತು.

1999ರ ಮಾರ್ಚ್ ಮೊದಲ ವಾರಗಳಲ್ಲಿ ಮಲಯ ವಿಶ್ವವಿದ್ಯಾಲಯದ ಡಾ. ಚುವಾ ಕಾವ್ ಬಿಂಗ್ ಅವರು ಸುಂಗೈ ನಿಪಾದ ರೋಗಿಯೊಬ್ಬನ ಬೆನ್ನುಹುರಿಯ ದ್ರವದಿಂದ ಒಂದು ವೈರಾಣುವನ್ನು ಬೇರ್ಪಡಿಸಿದರು. ಮಾದರಿಗಳನ್ನು ತಾವೇ ಅಮೆರಿಕೆಯ ರೋಗನಿಯಂತ್ರಣ ಕೇಂದ್ರದ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ವಿದ್ಯುತ್ ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು ಸೊಳ್ಳೆಯಿಂದ ಹರಡುವ ಜಾತಿಯದಲ್ಲ. ದಡಾರದ ವೈರಾಣುವಿನ ಕುಟುಂಬಕ್ಕೆ ಸೇರಿದ, 1994ರಲ್ಲಿ ಆಸ್ಟ್ರೇಲಿಯಾದ ಕುದುರೆಗಳಲ್ಲಿ ಕಾಣಿಸಿಕೊಂಡಿದ್ದ ಹೆಂಡ್ರಾ ವೈರಾಣುವಿನ ಹತ್ತಿರದ ನೆಂಟ. ಹಳ್ಳಿಯ ಹೆಸರಿನಿಂದ ಅದಕ್ಕೆ ‘ನಿಪಾ’ ಎಂದು ಹೆಸರಾಯಿತು. ನಿಪಾ ಎಂಬುದು ಹಿನ್ನೀರಿನ ಕೆಸರಿನಲ್ಲಿ ಬೆಳೆಯುವ, ಗರಿಗಳಿಂದ ಮನೆಗೆ ಹೊದಿಕೆ ಹಾಕುವ ಒಂದು ಬಗೆಯ ತಾಳೆ; ಆ ನಿರಪರಾಧಿ ಮರದ ಹೆಸರು ಜಗತ್ತಿನಾದ್ಯಂತ ಭಯಹುಟ್ಟಿಸುವಂತಾದುದು ವಿಧಿವಿಲಾಸ.

ಕಾರಣ ತಿಳಿದ ಮೇಲೆ ಕ್ರಮವು ನಿರ್ದಾಕ್ಷಿಣ್ಯವಾಗಿ ಸಾಗಿತು. ಫೆಬ್ರವರಿಯ ಕೊನೆಯಲ್ಲಿ ಆರಂಭವಾಗಿದ್ದ ಹಂದಿಗಳ ಸಾಮೂಹಿಕ ವಧೆಗೆ ಸೈನಿಕರನ್ನೂ ಇಳಿಸಲಾಯಿತು. ಏಪ್ರಿಲ್ ಅಂತ್ಯದ ಹೊತ್ತಿಗೆ 9 ಲಕ್ಷಕ್ಕೂ ಮಿಕ್ಕಿದ ಹಂದಿಗಳನ್ನು ಕೊಂದು ಹೂಳಿದರು. ಬಳಿಕದ ತಪಾಸಣೆಯಲ್ಲಿ ಕೊಂದವೂ ಸೇರಿ ಸಂಖ್ಯೆ 10 ಲಕ್ಷವನ್ನು ದಾಟಿತು. ದೇಶದ 1,885 ಹಂದಿದೊಡ್ಡಿಗಳಲ್ಲಿ ಉಳಿದವು 829. ಮಲೇಷಿಯಾದಲ್ಲಿ ರೋಗ ತಗಲಿದ ಮನುಷ್ಯರು 265, ಸತ್ತವರು 105. ಬದುಕಿ ಉಳಿದವರಲ್ಲಿಯೂ ಕೆಲವರಿಗೆ ತಿಂಗಳುಗಳ, ವರ್ಷಗಳ ಬಳಿಕ ಮಿದುಳಿನ ಊತ ಮರುಕಳಿಸಿತು. ಸೈನಿಕರು ದೊಡ್ಡಿಗಳನ್ನು ಬರಿದುಮಾಡುತ್ತಿದ್ದ ಆ ಮಾರ್ಚ್ ತಿಂಗಳಿನಲ್ಲಿಯೇ ವಿಮಾನ ನಿಲ್ದಾಣದ ಪಕ್ಕದಲ್ಲಿ ಸೆಪಾಂಗಿನ ಮೋಟಾರು ಪಂದ್ಯದ ಪಥವು ಉದ್ಘಾಟನೆಯಾಯಿತು. ಜಗತ್ತಿನ ಪತ್ರಿಕೆಗಳಲ್ಲಿ ಒಂದೇ ಜಿಲ್ಲೆಯ ಹೆಸರು ಎರಡು ಪುಟಗಳಲ್ಲಿ ಬಂದಿತು.

ವೈರಾಣು ಹಂದಿಗೆ ಬಂದದ್ದೆಲ್ಲಿಂದ? ಹಣ್ಣು ತಿಂದು ಬದುಕುವ ದೊಡ್ಡ ಬಾವಲಿಗಳೇ ಅದರ ಸಹಜ ನೆಲೆಯೆಂದು ಅನಂತರ ಸಿದ್ಧವಾಯಿತು. ತಿಯೋಮನ್ ದ್ವೀಪದ ಬಾವಲಿಗಳ ಮೂತ್ರದಲ್ಲಿ ವೈರಾಣು ದೊರೆಯಿತು. ಬಾವಲಿಗೆ ಅದರಿಂದ ಬಾಧೆಯಿಲ್ಲ. 1997ರಲ್ಲಿ ಇಂಡೊನೇಷ್ಯಾದ ಕಾಡುಗಳು ಹೊತ್ತಿ ಉರಿದಾಗ ಹೊಗೆಗೆ ಬೆದರಿದ ಬಾವಲಿಗಳು ತೋಟಗಳತ್ತ ಬಂದುವೆಂದು ಮೊದಲು ಊಹಿಸಲಾಯಿತು. ಬಳಿಕದ ಸಂಶೋಧಕರು ಒಪ್ಪುವ ವಿವರಣೆ ಇನ್ನೂ ಸರಳವಾದುದು, ಆದುದರಿಂದಲೇ ಇನ್ನಷ್ಟು ಕಳವಳಕಾರಿಯಾದುದು. ಇಪೋ ಬಳಿಯ ಮೊದಲ ದೊಡ್ಡಿಯಲ್ಲಿ ಸುಮಾರು 30,000 ಹಂದಿಗಳಿದ್ದವು. ಒಂದೇ ನೆಲದಿಂದ ಎರಡು ಆದಾಯ ಬರಲೆಂದು ಗೂಡುಗಳ ಪಕ್ಕದಲ್ಲಿಯೇ ಮಾವಿನ ಮರಗಳನ್ನು ಬೆಳೆಸಿದ್ದರು. ರಾತ್ರಿ ಬಾವಲಿಗಳು ಕಚ್ಚಿ ಬೀಳಿಸಿದ ಹಣ್ಣನ್ನು ಹಂದಿಗಳು ತಿಂದವು. ಸಣ್ಣ ದೊಡ್ಡಿಯಾಗಿದ್ದಲ್ಲಿ ರೋಗವು ಬಂದು ತಾನಾಗಿಯೇ ನಂದಿಹೋಗುತ್ತಿದ್ದಿತು. ದಿನವೂ ಹೊಸ ಮರಿಗಳು ಹುಟ್ಟುವ ಅಷ್ಟು ದೊಡ್ಡ ದೊಡ್ಡಿಯಲ್ಲಿ ಅದಕ್ಕೆ ಸೌದೆ ತೀರಲೇ ಇಲ್ಲ.

1999ರ ಬಳಿಕ ಮಲೇಷಿಯಾದಲ್ಲಿ ಮನುಷ್ಯರಿಗೆ ಈ ರೋಗ ತಗಲಿದ ವರದಿಯಿಲ್ಲ. ಹಣ್ಣಿನ ಮರಗಳನ್ನು ಹಂದಿಗೂಡುಗಳಿಂದ ದೂರವಿಡಬೇಕೆಂಬ ಪಾಠವನ್ನು ಅಲ್ಲಿನವರು ಕಲಿತರು. ಸೆಪಾಂಗ್ ಮಾತ್ರ ಬೆಳೆಯುತ್ತಲೇ ಹೋಯಿತು. 2014ರಲ್ಲಿ ಎರಡನೆಯ ನಿಲ್ದಾಣ ಕಟ್ಟಡ ತೆರೆಯಿತು. 2019ರಲ್ಲಿ 6 ಕೋಟಿ 20 ಲಕ್ಷ ಪ್ರಯಾಣಿಕರು ಇಲ್ಲಿಂದ ಹಾದುಹೋದರು. ಬೆಂಗಳೂರು, ಚೆನ್ನೈ, ಹೈದರಾಬಾದು, ಮುಂಬಯಿಗಳಿಂದ ಹಾರುವ ವಿಮಾನಗಳು ಅಲ್ಲಿಗೆ ನೇರವಾಗಿ ಹೋಗುತ್ತವೆ.

ವೈರಾಣುವಿಗಾದರೋ ವಿಮಾನದ ಹಂಗಿಲ್ಲ. ಅದರ ವಾಹಕಗಳಾದ ಬಾವಲಿಗಳು ನಮ್ಮ ದೇಶದಲ್ಲಿಯೂ ಇವೆ. 2001ರಲ್ಲಿ ಸಿಲಿಗುರಿಯಲ್ಲಿ, 2018ರ ಮೇ ತಿಂಗಳಿನಲ್ಲಿ ಕೇರಳದ ಕೋಳಿಕ್ಕೋಡು ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿ ರೋಗ ತಲೆಯೆತ್ತಿತು. ಕೇರಳದಲ್ಲಿ ಆಗ 17 ಮಂದಿ ಸತ್ತರು. ರೋಗಿಯ ಶುಶ್ರೂಷೆ ಮಾಡಿದ ಪೆರಾಂಬ್ರದ ದಾದಿ ಲಿನಿ ಅವರಲ್ಲೊಬ್ಬರು. ಇಲ್ಲಿ ಹಂದಿಯ ಮಧ್ಯಸ್ಥಿಕೆ ಇರಲಿಲ್ಲ. ಆಸ್ಪತ್ರೆಯ ಹಜಾರಗಳಲ್ಲಿ ಮನುಷ್ಯನಿಂದ ಮನುಷ್ಯನಿಗೇ ಹಬ್ಬಿತು. ಆ ಬಳಿಕವೂ ಕೇರಳದಲ್ಲಿ ಅದು ಹಲವು ಸಲ ಮರಳಿದೆ. 2018ರಲ್ಲಿ ಕರ್ನಾಟಕದ ಗಡಿ ಜಿಲ್ಲೆಗಳಲ್ಲಿಯೂ ಎಚ್ಚರಿಕೆ ಹೊರಟಿತ್ತು. ಲಸಿಕೆಯೊಂದರ ಮಾನವ ಪರೀಕ್ಷೆಯನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2024ರ ಜನವರಿಯಲ್ಲಿ ಆರಂಭಿಸಿತು.

ಮಕ್ಕಳ ಬೇಸಗೆಯ ರಜೆಗೆ ಮಂಗಳೂರು, ಉಡುಪಿ, ಕಾಸರಗೋಡುಗಳ ಮನೆಗಳಿಗೆ ತೆರಳುವ ಕುಟುಂಬಗಳಿಗೆ ಕೆಲವು ಮಾತುಗಳು ಉಪಯೋಗಕ್ಕೆ ಬರಬಹುದು. ಅಂಗಳದಲ್ಲಿ ಬಿದ್ದ, ಹಲ್ಲಿನ ಅಥವಾ ಉಗುರಿನ ಗುರುತುಳ್ಳ ಮಾವು, ಪೇರಳೆ, ಗೇರುಹಣ್ಣುಗಳನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಕಚ್ಚಿದ ಭಾಗವನ್ನು ಕತ್ತರಿಸಿ ಉಳಿದುದನ್ನು ತಿನ್ನುವ ಹಳೆಯ ಮಿತವ್ಯಯ ಇಲ್ಲಿ ಸಲ್ಲದು. ಒಳ್ಳೆಯ ಹಣ್ಣನ್ನೂ ತೊಳೆದು ಸಿಪ್ಪೆ ತೆಗೆಯಬೇಕು. ಬಾವಲಿಗಳು ಬರುವ ಮರಕ್ಕೆ ಬಾಯಿ ತೆರೆದ ಮಡಕೆ ಕಟ್ಟಿ ಇಳಿಸಿದ ಹಸಿ ನೀರಾ ಬೇಡ; ಬಾಂಗ್ಲಾದೇಶದಲ್ಲಿ ರೋಗ ಹರಡಿದ್ದು ಬಹುತೇಕ ಈಚಲಿನ ಹಸಿ ರಸದಿಂದ. ಬಾವಲಿಗಳನ್ನು ಕಲ್ಲೆಸೆದು ಓಡಿಸುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ರಜೆ ಮುಗಿಸಿ ಮಹಾನಗರಕ್ಕೆ ಮರಳಿದವರಿಗೆ ಎರಡು ವಾರಗಳೊಳಗೆ ತೀವ್ರ ಜ್ವರವೂ ತಲೆನೋವೂ ಮಂಪರೂ ಒಟ್ಟಾಗಿ ಕಾಣಿಸಿಕೊಂಡಲ್ಲಿ, ಯಾವ ಊರಿಗೆ ಹೋಗಿದ್ದೆವು, ಅಲ್ಲಿ ಯಾರಿಗೆ ಕಾಯಿಲೆಯಿತ್ತು ಎಂಬುದನ್ನು ಕೇಳುವ ಮುನ್ನವೇ ವೈದ್ಯರಿಗೆ ತಿಳಿಸಬೇಕು.