ವಸ್ತುಚಿತ್ರ: ಮನೆಯ ನೆನಪುಗಳಿಗೊಂದು ರೇಖಾರೂಪ

ಮಹಾರಾಷ್ಟ್ರದ ಶಾಲೆಗಳಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಎಲಿಮೆಂಟರಿ ಹಾಗೂ ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳು ಚಿರಪರಿಚಿತ. ಮೇಜಿನ ಮೇಲಿರಿಸಿದ ಹೂಜಿ, ಬಟ್ಟಲು, ಹಣ್ಣುಗಳನ್ನು ನೋಡಿ ಬರೆಯುವ ವಸ್ತುಚಿತ್ರ ಅಲ್ಲಿನ ಒಂದು ಮುಖ್ಯ ವಿಷಯ. ಪರೀಕ್ಷೆ ಮುಗಿದೊಡನೆ ಆ ಅಭ್ಯಾಸವೂ ನಿಂತುಹೋಗುವುದೇ ಹೆಚ್ಚು. ಆದರೆ ಯಾರದೋ ಹೂಜಿಯ ಬದಲು ನಮಗೆ ಆಪ್ತವಾದ ವಸ್ತುಗಳನ್ನು ಎದುರಿಗಿರಿಸಿಕೊಂಡರೆ ಈ ಕಲೆ ಬೇರೆಯೇ ಅರ್ಥವನ್ನು ಪಡೆಯುತ್ತದೆ.

ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನ ತಂದೆ ಪಾದ್ರಿಯಾಗಿದ್ದರು; 1885ರ ಮಾರ್ಚ್ ತಿಂಗಳಲ್ಲಿ ನಿಧನರಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆತ ತಂದೆಯ ದಪ್ಪ ಬೈಬಲ್, ನಂದಿದ ಮೇಣದಬತ್ತಿ ಹಾಗೂ ತಾನು ಮೆಚ್ಚಿದ ಎಮಿಲ್ ಜೋಲಾನ ಕಾದಂಬರಿಯೊಂದನ್ನು ಜೊತೆಯಾಗಿಟ್ಟು ಚಿತ್ರಿಸಿದ. ಅದೀಗ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿ ಮನುಷ್ಯಾಕೃತಿಯೇ ಇಲ್ಲ; ಆದರೂ ತಂದೆ ಮಗ ಇಬ್ಬರೂ ಅಲ್ಲಿದ್ದಾರೆ.

ಕಳೆದ ವರ್ಷ ನಾವು ವಾಸವಿದ್ದ ಹಳೆಯ ಕಟ್ಟಡ ಮರುನಿರ್ಮಾಣಕ್ಕೆಂದು ತೆರವಾಗಬೇಕಾಯಿತು. ದಿವಂಗತ ತಾಯಿಯವರ ಹಿತ್ತಾಳೆಯ ಚೊಂಬು, ಅಡಕತ್ತರಿ ಮತ್ತು ಕನ್ನಡಕ ಗುಜರಿಯವನಿಗೆ ಕೊಡುವ ರಾಶಿಯಲ್ಲಿ ಸೇರಿದ್ದವು. ಬಾಡಿಗೆ ಮನೆಯಲ್ಲಿ ಇವಕ್ಕೆಲ್ಲ ಸ್ಥಳವಿಲ್ಲವೆಂದು ಹೇಳಿದವನು ನಾನೇ. ಕೊಡುವ ಮುನ್ನ ಒಮ್ಮೆ ಚಿತ್ರಿಸಿಡೋಣವೆಂದು ಕುಳಿತೆ.

ಕ್ರಮ ಸರಳವಾಗಿದೆ. ಮೂರರಿಂದ ಐದು ವಸ್ತುಗಳು ಸಾಕು. ಎತ್ತರದ ವಸ್ತುವನ್ನು ಹಿಂದೆ, ಚಿಕ್ಕವನ್ನು ಮುಂದೆ, ಒಂದು ಇನ್ನೊಂದನ್ನು ತುಸು ಮರೆಮಾಡುವಂತೆ ಇರಿಸಬೇಕು. ಬೆಳಕು ಒಂದೇ ಪಕ್ಕದಿಂದ, ಸಾಧ್ಯವಾದರೆ ಕಿಟಕಿಯಿಂದ ಬೀಳಲಿ. ಮೊದಲು ಎಚ್‌ಬಿ ಪೆನ್ಸಿಲಿನಿಂದ ತೆಳುವಾಗಿ ಹೊರರೇಖೆಯನ್ನು ಎಳೆಯಬೇಕು. ಚೊಂಬಿನಂತಹ ಪಾತ್ರೆಗೆ ನಡುವೆ ಒಂದು ಲಂಬರೇಖೆ ಎಳೆದುಕೊಂಡರೆ ಎರಡೂ ಬದಿಗಳು ಸಮನಾಗುತ್ತವೆ. ಕಣ್ಣಿನ ಮಟ್ಟಕ್ಕಿಂತ ಕೆಳಗಿರುವ ಪಾತ್ರೆಯ ಬಾಯಿ ವೃತ್ತವಾಗಿ ಕಾಣದೆ ಅಂಡಾಕಾರವಾಗಿ ಕಾಣುತ್ತದೆ. ಕಿಟಕಿಯ ಬೆಳಕು ಸರಿಯುತ್ತಿರುವುದರಿಂದ ನೆರಳಿನ ಅಂಚುಗಳನ್ನು ಆರಂಭದಲ್ಲಿಯೇ ಗುರುತಿಸಿಕೊಳ್ಳುವುದು ಒಳ್ಳೆಯದು. ಬಳಿಕ ಕಣ್ಣನ್ನು ಅರೆಮುಚ್ಚಿ ನೋಡಿದರೆ ಕತ್ತಲೆ ಬೆಳಕಿನ ಭಾಗಗಳು ಸ್ಪಷ್ಟವಾಗುತ್ತವೆ. ಅವುಗಳನ್ನು 2ಬಿ, 4ಬಿ ಪೆನ್ಸಿಲುಗಳಿಂದ ತುಂಬಬೇಕು. ಲೋಹ ಹೊಳೆಯುವಲ್ಲಿ ಕಾಗದವನ್ನು ಬಿಳಿಯಾಗಿಯೇ ಬಿಡಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ತಿಳಿದಿರುವುದನ್ನಲ್ಲ, ಕಂಡದ್ದನ್ನು ಮಾತ್ರ ಬರೆಯುವುದು. ಇದು ಹೇಳುವಷ್ಟು ಸುಲಭವಲ್ಲ. ನಾನು ಮೊದಲು ಬರೆದ ಚೊಂಬು ಎಲ್ಲ ಚೊಂಬುಗಳಂತೆ ದುಂಡಗಿತ್ತು. ಮತ್ತೆ ದಿಟ್ಟಿಸಿದಾಗ ಅದರ ಅಂಚಿನ ನೆಗ್ಗು ಕಂಡಿತು. ಅಡಕತ್ತರಿಯ ಒಂದು ಹಿಡಿ ಇನ್ನೊಂದಕ್ಕಿಂತ ಹೆಚ್ಚು ಸವೆದಿತ್ತು. ಕನ್ನಡಕದ ಸಡಿಲ ಕೀಲಿಗೆ ತಾಯಿ ಸುತ್ತಿದ್ದ ಕಪ್ಪು ದಾರ ಇನ್ನೂ ಹಾಗೆಯೇ ಇತ್ತು. ದಿನನಿತ್ಯ ಕಣ್ಣೆದುರಿಗಿದ್ದ ಈ ವಸ್ತುಗಳನ್ನು ನಾನು ಅಂದಿನವರೆಗೆ ನೋಡಿಯೇ ಇರಲಿಲ್ಲ. ಮೊಬೈಲಿನ ಛಾಯಾಚಿತ್ರಕ್ಕೆ ಒಂದು ಕ್ಷಣ ಸಾಕು. ರೇಖೆಗೆ ಎರಡು ಗಂಟೆ ಬೇಕಾಯಿತು. ಆ ಎರಡು ಗಂಟೆಯೂ ತಾಯಿಯವರೊಡನೆ ಕಳೆದಂತಾಯಿತು.

ಚಿತ್ರ ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಚೊಂಬು ತುಸು ವಾಲಿದೆ. ಆದರೆ ಆ ಮೂರೂ ವಸ್ತುಗಳನ್ನು ರಾಶಿಯಿಂದ ಹಿಂತೆಗೆದು ಬಾಡಿಗೆ ಮನೆಗೆ ತಂದೆ.

ಮುಂದಿನ ದೀಪಾವಳಿಗೆ ಮನೆ ಶುಚಿಗೊಳಿಸುವ ಮೊದಲು ಓದುಗ ಬಾಂಧವರು ತಮ್ಮ ಮಕ್ಕಳಿಗೆ ಇಂತಹ ಮೂರು ವಸ್ತುಗಳನ್ನು ಆರಿಸಲು ಹೇಳಲಿ. ಅವು ಎಲ್ಲಿಂದ ಬಂದವು, ಯಾರು ಬಳಸಿದರು ಎಂಬುದನ್ನು ಹಿರಿಯರಿಂದ ಕೇಳಿ, ಚಿತ್ರದ ಹಿಂಬದಿಯಲ್ಲಿ ದಿನಾಂಕದೊಡನೆ ಕನ್ನಡದಲ್ಲಿ ಬರೆದಿಡಲಿ. ಉತ್ತರ ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು.