ದಕ್ಷಿಣಕ್ಕೆ ಹೊರಟು ಉತ್ತರ ಸೇರುವ ಹಕ್ಕಿ

ತಂತಿಯ ಮೇಲೆ ಕುಳಿತು, ಹಾರುವ ಹುಳುಗಳನ್ನು ಹಿಡಿಯುವ ಕಾಜಾಣವನ್ನು ನೀವು ನೋಡಿರುತ್ತೀರಿ. ದಕ್ಷಿಣ ಅಮೆರಿಕದಲ್ಲಿ ಹೀಗೆಯೇ ಬೇಟೆಯಾಡುವ ಬೇರೊಂದು ಕುಟುಂಬದ ಹಕ್ಕಿಯಿದೆ. ಅದೇ ಕವಲುಬಾಲದ ನೊಣಹಿಡುಕ (ಟೈರಾನಸ್ ಸವಾನ). ಕಪ್ಪು ತಲೆ, ಬಿಳಿ ಎದೆ, ದೇಹಕ್ಕಿಂತ ಉದ್ದವಾದ ಬಾಲ. ತೂಕ ಸುಮಾರು 30 ಗ್ರಾಂ.

ಅರ್ಜೆಂಟೀನ, ಉರುಗ್ವೆಗಳಲ್ಲಿ ಗೂಡು ಕಟ್ಟುವ ಈ ಹಕ್ಕಿಗಳು ಅಲ್ಲಿ ಚಳಿ ಆರಂಭವಾಗುವ ಮುನ್ನ ಉತ್ತರಕ್ಕೆ ವಲಸೆ ಹೊರಟು, ವೆನೆಜುವೆಲಾದ ಬಯಲುಗಳವರೆಗೂ ಹೋಗುತ್ತವೆ. ಸೆಪ್ಟೆಂಬರ್ ವೇಳೆಗೆ ದಕ್ಷಿಣಕ್ಕೆ ಮರಳುತ್ತವೆ. ಆದರೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಅವಧಿಯಲ್ಲೇ ಬೆರಳೆಣಿಕೆಯಷ್ಟು ಹಕ್ಕಿಗಳು, ಮೂರು ಸಾವಿರ ಕಿ.ಮೀ.ಗೂ ಹೆಚ್ಚು ಉತ್ತರಕ್ಕಿರುವ ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಭಾಗದಲ್ಲಿ ಕಾಣಿಸಿಕೊಳ್ಳುತ್ತವೆ. 1832ರಷ್ಟು ಹಿಂದೆಯೇ ಪಕ್ಷಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ನ್ಯೂಜೆರ್ಸಿಯ ಕ್ಯಾಮ್ಡೆನ್ ಬಳಿ ಇಂಥದೊಂದು ಹಕ್ಕಿಯನ್ನು ಕಂಡಿದ್ದರು.

ಇದು ಬರೀ ಗಾಳಿಯ ಆಟವೇ? ಪ್ರಯೋಗಶಾಲೆಯಲ್ಲಿ ನಾವು ಎರಡು ಬಗೆಯ ದೋಷಗಳನ್ನು ಗುರುತಿಸುತ್ತೇವೆ. ಯಾದೃಚ್ಛಿಕ ದೋಷ ಎತ್ತಲೂ ಚದುರುತ್ತದೆ. ಕ್ರಮಬದ್ಧ ದೋಷ ಒಂದೇ ಕಡೆಗೆ ವಾಲುತ್ತದೆ ಮತ್ತು ಉಪಕರಣದ ಗುಟ್ಟನ್ನು ಬಿಟ್ಟುಕೊಡುತ್ತದೆ. ಇಲ್ಲಿ ಹೊರಡುವ ಕಾಲ ಸರಿಯಾಗಿದೆ, ದಿಕ್ಕು ಮಾತ್ರ 180 ಡಿಗ್ರಿ ತಪ್ಪಿದೆ. ಇದನ್ನು ಪಕ್ಷಿತಜ್ಞರು 'ಹಿಮ್ಮುಖ ವಲಸೆ' ಎನ್ನುತ್ತಾರೆ.

ಹಾಗಾದರೆ ಉಪಕರಣ ಯಾವುದು? 1972ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಮತ್ತು ರೋಸ್ವಿತಾ ವಿಲ್ಟ್‌ಷ್ಕೊ ಯುರೋಪಿನ ರಾಬಿನ್ ಹಕ್ಕಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಕಾಂತಕ್ಷೇತ್ರದ ಲಂಬ ಘಟಕವನ್ನಷ್ಟೇ ತಿರುಗುಮುರುಗು ಮಾಡಿದಾಗ, ಕಾಂತೀಯ ಉತ್ತರ ಬದಲಾಗದಿದ್ದರೂ ಹಕ್ಕಿಗಳು ವಿರುದ್ಧ ದಿಕ್ಕಿಗೆ ಮುಖ ಮಾಡಿದವು. ಎಂದರೆ, ನಮ್ಮ ದಿಕ್ಸೂಚಿಯಂತೆ ಅವು ಉತ್ತರ-ದಕ್ಷಿಣಗಳನ್ನು ಗುರುತಿಸುವುದಿಲ್ಲ. ಬಲರೇಖೆಗಳು ನೆಲದತ್ತ ಬಾಗಿರುವ ಕೋನವನ್ನು ಗ್ರಹಿಸಿ, 'ಧ್ರುವದ ಕಡೆ', 'ಸಮಭಾಜಕದ ಕಡೆ' ಎಂದಷ್ಟೇ ತಿಳಿಯುತ್ತವೆ.

ಈ ತತ್ತ್ವವನ್ನು ನಮ್ಮ ನೊಣಹಿಡುಕಕ್ಕೆ ಅನ್ವಯಿಸಿ ನೋಡಿ. ದಕ್ಷಿಣ ಅಮೆರಿಕದಲ್ಲಿ ಕಾಂತೀಯ ಸಮಭಾಜಕವು ಭೌಗೋಳಿಕ ಸಮಭಾಜಕಕ್ಕಿಂತ ದಕ್ಷಿಣದಲ್ಲಿ, ಪೆರು ಮತ್ತು ಬ್ರೆಜಿಲ್‌ಗಳ ಮೂಲಕ ಹಾಯುತ್ತದೆ. ವೆನೆಜುವೆಲಾದಿಂದ ಮರಳುವ ಹಕ್ಕಿ ಮೊದಲು 'ಸಮಭಾಜಕದ ಕಡೆ' ಹಾರಬೇಕು. ಅದನ್ನು ದಾಟಿದ ಬಳಿಕ 'ಧ್ರುವದ ಕಡೆ'. ಮನೆ ಇರುವುದು 'ಧ್ರುವದ ಕಡೆ' ಎಂದು ಆರಂಭದಲ್ಲೇ ಹೊರಟರೆ? ಅದು ತಲುಪುವುದು ಉತ್ತರ ಅಮೆರಿಕವನ್ನು! ಇದು ಒಂದು ಸಾಧ್ಯತೆ ಮಾತ್ರ. ಸೂರ್ಯ, ನಕ್ಷತ್ರ, ಗಾಳಿಗಳ ಪಾತ್ರವನ್ನೂ ಮರೆಯುವಂತಿಲ್ಲ.

ದಾರಿ ತಪ್ಪಿದ ಹಕ್ಕಿಗೆ ಪರಿಣಾಮ ಕಠೋರ. ಹಿಮ ಬಿದ್ದೊಡನೆ ಹುಳುಗಳು ಮಾಯವಾಗುತ್ತವೆ; ಅಷ್ಟರೊಳಗೆ ದಕ್ಷಿಣಕ್ಕೆ ತಿರುಗದಿದ್ದರೆ ಅದು ಉಳಿಯುವುದು ಕಷ್ಟ. ಆದ್ದರಿಂದ ಇರಬಾರದ ಜಾಗದಲ್ಲಿ ಹಕ್ಕಿಯೊಂದು ಕಂಡರೆ ಸೋಜಿಗಪಟ್ಟು ಸುಮ್ಮನಾಗಬೇಡಿ. ದಿನಾಂಕ, ಸ್ಥಳ ಬರೆದಿಡಿ. ಅದು ತಪ್ಪಿದ ದಾರಿಯೇ ಉಳಿದವು ಸರಿದಾರಿ ಹಿಡಿಯುವ ಬಗೆಯನ್ನು ತಿಳಿಸಬಲ್ಲದು.